ತಪ್ಪು ಯಾಕೆ ತಪ್ಪು?

ಸುಮಾರು ನೂರು ವರ್ಷದ ಹಿಂದೆ ಸ್ವಿಟ್ಜರ್ಲೆಂಡಿನ ಜಿನೀವಾ ಮತ್ತು ನ್ಯೂಶಾಟೆಲ್ ಊರುಗಳಲ್ಲಿ ಮನಶ್ಶಾಸ್ತ್ರಜ್ಞರೊಬ್ಬರು ಮಕ್ಕಳ ಜೊತೆ ಕೂತು ಗೋಲಿ ಆಡುತ್ತಿದ್ದರು. ಕೈಯಲ್ಲಿ ಒಂದಷ್ಟು ಗೋಲಿ, ಒಂದು ತುಂಡು ಸೀಮೆಸುಣ್ಣ. ಚಿಕ್ಕಂದಿನಲ್ಲಿ ಆಡಿದ್ದೆಲ್ಲ ಮರೆತುಹೋಗಿದೆ, ಹೇಗೆ ಆಡುವುದು ಹೇಳಿಕೊಡು ಎಂದು ಹುಡುಗರನ್ನು ಕೇಳುವುದು ಅವರ ರೂಢಿ. ಹುಡುಗ ನೆಲದ ಮೇಲೆ ಚೌಕ ಬರೆದು, ಒಳಗೆ ಗೋಲಿ ಜೋಡಿಸಿ, ಎಲ್ಲಿ ನಿಂತು ಹೊಡೆಯಬೇಕು, ಚೌಕದಿಂದ ಹೊರಗೆ ಹಾರಿದ ಗೋಲಿ ಯಾರದು ಎಂದೆಲ್ಲ ವಿವರಿಸುತ್ತಿದ್ದ. ಆಟ ರಂಗೇರಿದ ಮೇಲೆ ಅವರು ತಮಗೆ ಬೇಕಾದ ಪ್ರಶ್ನೆಗೆ ಬರುತ್ತಿದ್ದರು. ಈ ನಿಯಮ ಮಾಡಿದ್ದು ಯಾರು? ನಾವೇ ಬೇರೆ ನಿಯಮ ಮಾಡಿಕೊಂಡು ಆಡಿದರೆ ಆಗುವುದಿಲ್ಲವೇ?

ಅವರ ಹೆಸರು ಝಾನ್ ಪಿಯಾಜೆ. ಪುಟ್ಟ ಮಕ್ಕಳ ಉತ್ತರಗಳು ಕೇಳುವಂತಿದ್ದವು. ನಿಯಮ ಮಾಡಿದವರು ಊರಿನ ಹಿರಿಯರು ಎಂದ ಒಬ್ಬ. ನೋಹನ ನಾವೆಗಿಂತ ಮುಂಚಿನಿಂದಲೂ ಮಕ್ಕಳು ಗೋಲಿ ಆಡುತ್ತಿದ್ದರು ಎಂದ ಇನ್ನೊಬ್ಬ. ಒಟ್ಟಿನಲ್ಲಿ ನಿಯಮ ಎಂದರೆ ದೊಡ್ಡವರು ಕೊಟ್ಟದ್ದು, ಅದನ್ನು ಮುಟ್ಟುವಂತಿಲ್ಲ. ಆದರೆ ಇದೇ ಮಕ್ಕಳು ಆಡಲು ಇಳಿದರೆ ಒಬ್ಬೊಬ್ಬರದು ಒಂದೊಂದು ದಾರಿ, ಕೊನೆಗೆ ಎಲ್ಲರೂ ಗೆದ್ದವರೇ. ಹತ್ತು ಹನ್ನೆರಡು ವರ್ಷದವರ ಮಾತು ಬೇರೆ. ಎಲ್ಲರೂ ಒಪ್ಪಿದರೆ ನಿಯಮ ಬದಲಾಯಿಸಬಹುದು ಎಂದರು ಅವರು. ಒಪ್ಪಿಕೊಂಡ ಮೇಲೆ ಮುರಿದವನನ್ನು ಮಾತ್ರ ಅವರು ಸುಮ್ಮನೆ ಬಿಡುತ್ತಿರಲಿಲ್ಲ.

ಪಿಯಾಜೆ ಮಕ್ಕಳಿಗೆ ಕಥೆಗಳನ್ನೂ ಹೇಳಿದರು. ಊಟಕ್ಕೆ ಕರೆದರೆಂದು ಒಬ್ಬ ಹುಡುಗ ಬಾಗಿಲು ತಳ್ಳುತ್ತಾನೆ. ಬಾಗಿಲ ಹಿಂದೆ ಕುರ್ಚಿಯ ಮೇಲೆ ತಟ್ಟೆಯಲ್ಲಿ ಕಪ್ಪುಗಳಿದ್ದದ್ದು ಅವನಿಗೆ ಗೊತ್ತಿಲ್ಲ. ಹದಿನೈದು ಕಪ್ಪುಗಳೂ ಚೂರಾಗುತ್ತವೆ. ಇನ್ನೊಬ್ಬ ಅಮ್ಮ ಮನೆಯಲ್ಲಿಲ್ಲದಾಗ ಕಪಾಟಿನ ಜಾಮ್ ಕದಿಯಲು ಕುರ್ಚಿ ಹತ್ತಿ ಒಂದು ಕಪ್ಪು ಒಡೆಯುತ್ತಾನೆ. ಯಾರದು ಹೆಚ್ಚಿನ ತಪ್ಪು? ಚಿಕ್ಕ ಮಕ್ಕಳಲ್ಲಿ ಎಷ್ಟೋ ಜನ ಹದಿನೈದು ಕಪ್ಪು ಒಡೆದವನ ಕಡೆ ಬೆರಳು ತೋರಿಸಿದರು. ನಷ್ಟ ಎಷ್ಟಾಯಿತು ಎಂಬುದೇ ಅವರಿಗೆ ಅಳತೆ. ಒಂಬತ್ತು ಹತ್ತು ವರ್ಷ ದಾಟಿದವರು ಉದ್ದೇಶ ಏನಿತ್ತು ಎಂದು ನೋಡತೊಡಗುತ್ತಾರೆ.

1932ರಲ್ಲಿ ಪ್ರಕಟವಾದ ಮಕ್ಕಳ ನೈತಿಕ ತೀರ್ಮಾನದ ಕುರಿತ ತಮ್ಮ ಪುಸ್ತಕದಲ್ಲಿ ಪಿಯಾಜೆ ಇದಕ್ಕೆ ಕೊಟ್ಟ ಕಾರಣ ಇಂದಿಗೂ ಮಹತ್ವದ್ದು. ದೊಡ್ಡವರ ಮುಂದೆ ಮಗು ತಲೆಬಾಗುತ್ತದೆ, ಯಾಕೆ ಎಂದು ಕೇಳುವ ಧೈರ್ಯ ಮಾಡುವುದಿಲ್ಲ. ಓರಗೆಯವರ ಜೊತೆ ಹಾಗಲ್ಲ. ಅಲ್ಲಿ ಜಗಳವಾಡಬೇಕು, ರಾಜಿಯಾಗಬೇಕು, ಎದುರಿನವನಿಗೂ ಸರಿಯೆನಿಸುವ ಮಾತು ಆಡಬೇಕು. ನ್ಯಾಯದ ಅರಿವು ಮುಖ್ಯವಾಗಿ ಈ ಸಮಾನರ ಒಡನಾಟದಲ್ಲಿ ಬೆಳೆಯುತ್ತದೆ ಎಂದು ಅವರು ವಾದಿಸಿದರು.

ಈ ಮಾತನ್ನು ಹಿಡಿದು ಮುಂದಕ್ಕೆ ಒಯ್ದವರು ಅಮೆರಿಕದ ಲಾರೆನ್ಸ್ ಕೋಲ್‌ಬರ್ಗ್. 1927ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಅವರು ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ ವಾಣಿಜ್ಯ ನೌಕೆಗಳಲ್ಲಿ ದುಡಿದರು. ಯುರೋಪಿನಲ್ಲಿ ನಾಜಿಗಳ ಹತ್ಯಾಕಾಂಡದಿಂದ ಉಳಿದುಕೊಂಡ ಯಹೂದಿಗಳ ಸ್ಥಿತಿಯನ್ನು ಕಣ್ಣಾರೆ ಕಂಡರು. 1947ರಲ್ಲಿ, ಬ್ರಿಟಿಷ್ ನೌಕಾಪಡೆಯ ದಿಗ್ಬಂಧನವನ್ನು ತಪ್ಪಿಸಿ ನಿರಾಶ್ರಿತರನ್ನು ಪ್ಯಾಲೆಸ್ಟೀನಿಗೆ ಸಾಗಿಸಲು ಹೊರಟ ಪಡೂಕಾ ಎಂಬ ಹಡಗಿನಲ್ಲಿ ನಾವಿಕರಾದರು. ಹಡಗು ಸಿಕ್ಕಿಬಿತ್ತು, ಅದರಲ್ಲಿದ್ದವರನ್ನು ಸೈಪ್ರಸ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಲಾಯಿತು. ಮರುವರ್ಷ ಅವರು ಈ ಅನುಭವದ ಬಗ್ಗೆ ಬರೆದ ಲೇಖನದ ಶೀರ್ಷಿಕೆಯ ಅರ್ಥ ‘ಬಾಳೆಹಣ್ಣಿಗೆ ಹಾಸಿಗೆ’. ಹಡಗಿನಲ್ಲಿ ಜನರಿಗಾಗಿ ಜೋಡಿಸಿದ್ದ ಮಂಚಗಳು ಬಾಳೆಹಣ್ಣು ಇಡುವುದಕ್ಕೆ ಎಂದು ತಪಾಸಣೆಗೆ ಬಂದವರಿಗೆ ಹೇಳಿದ ಸುಳ್ಳು ಅದು. ಒಳ್ಳೆಯ ಕೆಲಸಕ್ಕಾಗಿ ಸುಳ್ಳು ಹೇಳಬಹುದೇ, ಕಾನೂನು ಮುರಿಯಬಹುದೇ ಎಂಬ ಪ್ರಶ್ನೆ ಇಪ್ಪತ್ತರ ಹರೆಯದಲ್ಲೇ ಅವರ ಬೆನ್ನು ಹತ್ತಿತು.

ಷಿಕಾಗೊ ವಿಶ್ವವಿದ್ಯಾಲಯದಲ್ಲಿ 1958ರಲ್ಲಿ ಮುಗಿಸಿದ ಡಾಕ್ಟರೇಟ್‌ಗಾಗಿ ಅವರು 10, 13 ಮತ್ತು 16 ವರ್ಷದ 72 ಹುಡುಗರನ್ನು ಕೂರಿಸಿಕೊಂಡು ಧರ್ಮಸಂಕಟದ ಕಥೆಗಳನ್ನು ಹೇಳಿದರು. ಅವುಗಳಲ್ಲಿ ಹೈಂಜ್ ಎಂಬವನ ಕಥೆ ಮನಶ್ಶಾಸ್ತ್ರದ ಎಷ್ಟೋ ಪಠ್ಯಗಳಲ್ಲಿ ಸೇರಿಕೊಂಡಿದೆ.

ಹೈಂಜ್‌ನ ಹೆಂಡತಿ ಕ್ಯಾನ್ಸರ್‌ನಿಂದ ಸಾವಿನ ಅಂಚಿನಲ್ಲಿದ್ದಾಳೆ. ಅದೇ ಊರಿನ ಔಷಧ ವ್ಯಾಪಾರಿಯೊಬ್ಬ ರೇಡಿಯಂನ ಒಂದು ಔಷಧ ಕಂಡುಹಿಡಿದಿದ್ದಾನೆ. ಅವನಿಗೆ ತಗುಲಿದ ಖರ್ಚಿನ ಹತ್ತು ಪಟ್ಟು, ಅಂದರೆ ಒಂದು ಸಣ್ಣ ಪ್ರಮಾಣಕ್ಕೆ 2000 ಡಾಲರ್, ಕೇಳುತ್ತಾನೆ. ಹೈಂಜ್ ಕಂಡಕಂಡವರ ಬಳಿ ಸಾಲ ಎತ್ತಿದರೂ ಸಿಕ್ಕಿದ್ದು ಸುಮಾರು 1000. ಕಡಿಮೆಗೆ ಕೊಡು, ಇಲ್ಲವೇ ಉಳಿದದ್ದನ್ನು ಆಮೇಲೆ ತೀರಿಸುತ್ತೇನೆ ಎಂದು ಅಂಗಲಾಚಿದರೂ ವ್ಯಾಪಾರಿ ಒಪ್ಪುವುದಿಲ್ಲ. ಹೈಂಜ್ ಅಂಗಡಿಗೆ ನುಗ್ಗಿ ಔಷಧ ಕದಿಯುತ್ತಾನೆ. ಅವನು ಹಾಗೆ ಮಾಡಬಹುದಿತ್ತೇ?

ಕದಿಯಬಹುದು ಅಥವಾ ಕದಿಯಬಾರದು ಎಂಬ ಉತ್ತರಕ್ಕೆ ಕೋಲ್‌ಬರ್ಗ್ ಅಂಕ ಕೊಡಲಿಲ್ಲ. ಅವರ ಕಿವಿ ಇದ್ದದ್ದು ಅದರ ಮುಂದಿನ ಮಾತಿನ ಮೇಲೆ, ಹುಡುಗ ಯಾಕೆ ಹಾಗೆನ್ನುತ್ತಾನೆ ಎಂಬುದರ ಮೇಲೆ. ಯಾಕೆ ಎಂದು ಮತ್ತೆ ಮತ್ತೆ ಕೆದಕಿದಾಗ ಸಿಕ್ಕ ಕಾರಣಗಳನ್ನು ವಿಂಗಡಿಸಿ ಅವರು ಮೂರು ಮಟ್ಟ, ಒಂದೊಂದರಲ್ಲಿ ಎರಡೆರಡರಂತೆ ಆರು ಹಂತ ಗುರುತಿಸಿದರು.

ಮೊದಲನೆಯದು ಶಿಕ್ಷೆಯ ಹಂತ. ಕದ್ದರೆ ಪೊಲೀಸರು ಹಿಡಿಯುತ್ತಾರೆ, ಅದಕ್ಕೇ ತಪ್ಪು. ಎರಡನೆಯದು ಲಾಭದ ಲೆಕ್ಕ. ಹೆಂಡತಿ ಬದುಕಿದರೆ ಅವನಿಗೆ ಅನುಕೂಲ, ಕದಿಯಲಿ. ಅಥವಾ ಜೈಲಿಗೆ ಹೋದರೆ ಅವಳು ಬದುಕಿಯೂ ಪ್ರಯೋಜನವಿಲ್ಲ, ಬೇಡ. ನೀನು ನನಗೆ ಮಾಡಿದರೆ ನಾನು ನಿನಗೆ ಮಾಡುತ್ತೇನೆ ಎಂಬುದು ಇಲ್ಲಿಯ ನ್ಯಾಯ. ಈ ಎರಡೂ ಬಹುಪಾಲು ಚಿಕ್ಕ ಮಕ್ಕಳಲ್ಲಿ ಕಾಣುವಂಥವು.

ಮೂರನೆಯ ಹಂತದಲ್ಲಿ ನಾಲ್ಕು ಜನ ಬರುತ್ತಾರೆ. ಒಳ್ಳೆಯ ಗಂಡನಾದವನು ಹೆಂಡತಿಯನ್ನು ಸಾಯಲು ಬಿಡುತ್ತಾನೆಯೇ, ಕಂಡವರು ಏನೆನ್ನುತ್ತಾರೆ? ಅಥವಾ ಕಳ್ಳನ ಮನೆಯವರು ಎನ್ನಿಸಿಕೊಂಡು ಬಾಳುವುದು ಹೇಗೆ? ನಾಲ್ಕನೆಯದರಲ್ಲಿ ದೃಷ್ಟಿ ಇಡೀ ಸಮಾಜದತ್ತ ಹರಿಯುತ್ತದೆ. ಕಷ್ಟ ಬಂತೆಂದು ಒಬ್ಬೊಬ್ಬರೂ ಅಂಗಡಿ ಒಡೆಯತೊಡಗಿದರೆ ಕಾನೂನಿಗೆ ಬೆಲೆ ಎಲ್ಲಿ? ಹದಿಹರೆಯದವರೂ ವಯಸ್ಕರೂ ಹೆಚ್ಚಾಗಿ ಈ ಎರಡು ಹಂತಗಳ ಆಸುಪಾಸಿನಲ್ಲೇ ಮಾತನಾಡುತ್ತಾರೆ.

ಐದನೆಯ ಹಂತದವರು ಕಾನೂನನ್ನು ಜನರು ತಮ್ಮ ಒಳಿತಿಗಾಗಿ ಮಾಡಿಕೊಂಡ ಒಪ್ಪಂದವೆಂದು ನೋಡುತ್ತಾರೆ. ಅದು ಜೀವದ ಹಕ್ಕಿಗೇ ಅಡ್ಡ ಬಂದಾಗ ಪ್ರಶ್ನಿಸಬೇಕು, ತಿದ್ದಬೇಕು ಎನ್ನುತ್ತಾರೆ. ಆರನೆಯದು ಎಲ್ಲ ಮನುಷ್ಯರಿಗೂ ಸಮನಾಗಿ ಅನ್ವಯಿಸುವ ತತ್ವದ ಹಂತ. ಅಲ್ಲಿ ನಿಂತವನು ಹೆಂಡತಿಯ ಜಾಗದಲ್ಲಿ ಅಪರಿಚಿತೆಯಿದ್ದರೂ ಅದೇ ತೀರ್ಮಾನ ಕೊಡುತ್ತಾನೆ. ಇದಕ್ಕೆ ಕೋಲ್‌ಬರ್ಗ್ ಹೆಸರಿಸುತ್ತಿದ್ದ ವ್ಯಕ್ತಿಗಳಲ್ಲಿ ಗಾಂಧೀಜಿ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಇದ್ದರು. 1930ರ ಏಪ್ರಿಲ್‌ನಲ್ಲಿ ದಂಡಿಯಲ್ಲೂ ಅದಾದ ಒಂದೇ ವಾರಕ್ಕೆ ಉತ್ತರ ಕನ್ನಡದ ಅಂಕೋಲೆಯಲ್ಲೂ ಉಪ್ಪು ಮಾಡಿದವರು ಕಾನೂನು ಮುರಿದದ್ದು ಹಾಡಹಗಲಲ್ಲಿ, ಹೇಳಿಕೇಳಿ. ಶಿಕ್ಷೆಯನ್ನು ತಪ್ಪಿಸಿಕೊಳ್ಳದೆ ಅದನ್ನು ಹೊರಲು ಸಿದ್ಧರಾಗಿಯೇ ಬಂದಿದ್ದರು. ಕಳ್ಳತನಕ್ಕೂ ಸತ್ಯಾಗ್ರಹಕ್ಕೂ ಇರುವ ಈ ಅಂತರ ಮೊದಲ ಹಂತದ ಲೆಕ್ಕಕ್ಕೆ ಸಿಗುವುದಿಲ್ಲ. ಅಲ್ಲಿ ಇಬ್ಬರೂ ಜೈಲಿಗೆ ಹೋದವರು, ಅಷ್ಟೇ.

ಆ ಹುಡುಗರನ್ನು ಕೋಲ್‌ಬರ್ಗ್ ಒಂದೇ ಸಲ ಮಾತಾಡಿಸಿ ಬಿಡಲಿಲ್ಲ. ಅವರಲ್ಲಿ 58 ಜನರನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಹುಡುಕಿಕೊಂಡು ಹೋಗಿ, ಇಪ್ಪತ್ತು ವರ್ಷದ ತನಕ ಸಂದರ್ಶಿಸಿದ ವಿವರ 1983ರಲ್ಲಿ ಪ್ರಕಟವಾಯಿತು. ಹುಡುಗರು ಒಂದಾದ ಮೇಲೊಂದು ಹಂತ ಏರಿದ್ದರು. ನಡುವಿನದನ್ನು ಹಾರಿ ಮುಂದಿನದಕ್ಕೆ ಹೋದವರು ಸಿಗಲಿಲ್ಲ, ಹಿಂದಕ್ಕೆ ಜಾರಿದವರು ತೀರ ವಿರಳ. ಆದರೆ ಐದನೆಯ ಹಂತ ಮುಟ್ಟಿದವರು ಕೆಲವೇ ಜನ. ಆರನೆಯದಕ್ಕೆ ಸಾಕಷ್ಟು ಉದಾಹರಣೆಯೇ ಸಿಗದೆ ಅದನ್ನು ಅಂಕ ಕೊಡುವ ಕೈಪಿಡಿಯಿಂದ ತೆಗೆಯಬೇಕಾಯಿತು.

ಈ ಅಧ್ಯಯನದಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ.

ಹಾರ್ವರ್ಡ್‌ನಲ್ಲಿ ಕೋಲ್‌ಬರ್ಗ್ ಜೊತೆಗೇ ಕೆಲಸ ಮಾಡಿದ್ದ ಕ್ಯಾರಲ್ ಗಿಲಿಗನ್ 1982ರಲ್ಲಿ ಬರೆದ ಪುಸ್ತಕ ಈ ಕೊರತೆಯನ್ನು ಎತ್ತಿ ತೋರಿಸಿತು. ಅದರಲ್ಲಿ ಹನ್ನೊಂದು ವರ್ಷದ ಇಬ್ಬರು ಮಕ್ಕಳು ಬರುತ್ತಾರೆ. ಗಿಲಿಗನ್ ಅವರಿಗಿಟ್ಟ ಹೆಸರು ಜೇಕ್ ಮತ್ತು ಏಮಿ. ಜೇಕ್‌ಗೆ ಹೈಂಜ್‌ನ ಪ್ರಶ್ನೆ ಗಣಿತದಷ್ಟು ನೇರ. ಹಣಕ್ಕಿಂತ ಜೀವ ದೊಡ್ಡದು, ಆದ್ದರಿಂದ ಕದಿಯಬೇಕು. ಏಮಿ ಕದಿಯುವುದನ್ನೂ ಒಪ್ಪುವುದಿಲ್ಲ, ಹೆಂಡತಿ ಸಾಯುವುದನ್ನೂ ಒಪ್ಪುವುದಿಲ್ಲ. ಕದ್ದು ಜೈಲಿಗೆ ಹೋದ ಮೇಲೆ ಅವಳಿಗೆ ಕಾಯಿಲೆ ಮತ್ತೆ ಹೆಚ್ಚಾದರೆ ನೋಡಿಕೊಳ್ಳುವವರು ಯಾರು? ಸಾಲ ಸಿಗಬಹುದು, ಎಲ್ಲರೂ ಕೂತು ಮಾತಾಡಿದರೆ ವ್ಯಾಪಾರಿಗೂ ಮನವರಿಕೆಯಾಗಬಹುದು. ಕೋಲ್‌ಬರ್ಗ್ ಅಳತೆಯಲ್ಲಿ ಏಮಿ ಜೇಕ್‌ಗಿಂತ ಕೆಳಗೆ ನಿಲ್ಲುತ್ತಾಳೆ. ಆದರೆ ಹಕ್ಕು ಹಕ್ಕುಗಳ ತಾಕಲಾಟವಾಗಿ ಒಬ್ಬ ನೋಡಿದ್ದನ್ನು ಇನ್ನೊಬ್ಬಳು ಸಂಬಂಧಗಳ ಜವಾಬ್ದಾರಿಯಾಗಿ ನೋಡುತ್ತಿದ್ದಾಳೆ. ಇದು ಹಿಂದುಳಿದ ಯೋಚನೆಯಲ್ಲ, ಬೇರೊಂದು ದನಿ ಎಂದರು ಗಿಲಿಗನ್. ಮುಂದೆ ನಡೆದ ಅಧ್ಯಯನಗಳಲ್ಲಿ, ವಿದ್ಯಾಭ್ಯಾಸ ಮತ್ತು ಉದ್ಯೋಗ ಸಮನಾಗಿದ್ದಾಗ ಹೆಣ್ಣು ಗಂಡುಗಳ ಅಂಕದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆದರೂ ಕಾಳಜಿಯನ್ನು ನ್ಯಾಯದಷ್ಟೇ ತೂಕದ ನೀತಿಯೆಂದು ಗಣಿಸುವ ಚಿಂತನೆ ಆ ಪುಸ್ತಕದಿಂದಲೇ ಬಲಗೊಂಡಿತು.

ಎರಡನೆಯ ದೊಡ್ಡ ಪ್ರಶ್ನೆ ಬಂದದ್ದು ಅಮೆರಿಕದ ಆಚೆಯಿಂದ. 1985ರಲ್ಲಿ ಜಾನ್ ಸ್ನೇರಿ 27 ದೇಶಗಳ 45 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದರು. ಮೊದಲ ನಾಲ್ಕು ಹಂತಗಳು ಹೆಚ್ಚುಕಡಿಮೆ ಎಲ್ಲೆಡೆ ಕಂಡವು. ಐದನೆಯದು ಮಾತ್ರ ನಗರಗಳ ಮಧ್ಯಮ ವರ್ಗದಲ್ಲಿ ಕಾಣಿಸಿ, ಹಳ್ಳಿಗಾಡಿನ ಸಮುದಾಯಗಳಲ್ಲಿ ಕಾಣಿಸದೆ ಹೋಯಿತು. ಹಾಗಾದರೆ ಹಳ್ಳಿಯ ಹಿರಿಯರಿಗೆ ಆಳವಾದ ನೀತಿವಿವೇಚನೆ ಇಲ್ಲವೆಂದೇ? ಅಥವಾ ಅವರ ವಿವೇಚನೆಯನ್ನು ಹಿಡಿಯುವ ಶಕ್ತಿ ಕೈಪಿಡಿಗೇ ಇಲ್ಲವೇ?

ಒಡಿಶಾದ ಭುವನೇಶ್ವರದ ಹಳೆಯ ಪೇಟೆಯಲ್ಲಿ ಕೆಲಸ ಮಾಡಿದ ರಿಚರ್ಡ್ ಶ್ವೇಡರ್, ಮನಮೋಹನ್ ಮಹಾಪಾತ್ರ ಮತ್ತು ಜೋನ್ ಮಿಲ್ಲರ್ 1987ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅನುಮಾನಕ್ಕೆ ಪುಷ್ಟಿ ಕೊಟ್ಟಿತು. ಅವರು ಅಲ್ಲಿಯ ಜನರ ಮುಂದೆಯೂ ಷಿಕಾಗೊದ ಜನರ ಮುಂದೆಯೂ ಒಂದೇ ಬಗೆಯ 39 ಪ್ರಸಂಗಗಳನ್ನಿಟ್ಟರು. ತಂದೆ ಸತ್ತ ಮಾರನೆಯ ದಿನ ಹಿರಿಯ ಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿಂದ ಎಂಬ ಪ್ರಸಂಗ ಭುವನೇಶ್ವರದ ಬ್ರಾಹ್ಮಣರಿಗೆ ಅತಿ ಘೋರ ತಪ್ಪುಗಳ ಸಾಲಿನಲ್ಲಿ ಕಂಡಿತು. ಷಿಕಾಗೊದವರಿಗೆ ಅದು ತಪ್ಪೇ ಅಲ್ಲ. ಸೂತಕದ ಕಟ್ಟುಪಾಡು ಗೊತ್ತಿರುವ ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಬರಿಯ ಸಂಪ್ರದಾಯವಾಗಿ ತೋರುವುದು ಒಳಗಿನವರಿಗೆ ಸತ್ತ ತಂದೆಯ ಸದ್ಗತಿಯ ಪ್ರಶ್ನೆ, ಅಂದರೆ ಇನ್ನೊಬ್ಬರ ಹಿತಕ್ಕೆ ಸಂಬಂಧಿಸಿದ ನೀತಿಯ ಪ್ರಶ್ನೆ.

ಮೈಸೂರಿಗೂ ಈ ಚರ್ಚೆಯಲ್ಲಿ ಗಟ್ಟಿಯಾದ ಜಾಗವಿದೆ. ಜೋನ್ ಮಿಲ್ಲರ್ ಮತ್ತು ಡೇವಿಡ್ ಬರ್ಸಾಫ್ 1992ರಲ್ಲಿ ಪ್ರಕಟಿಸಿದ ಸಂಶೋಧನೆಗಾಗಿ ಮೈಸೂರಿನ ಮತ್ತು ಅಮೆರಿಕದ ನ್ಯೂ ಹೇವನ್ ನಗರದ ಶಾಲಾಮಕ್ಕಳನ್ನೂ ದೊಡ್ಡವರನ್ನೂ ಮಾತಾಡಿಸಲಾಯಿತು. ಒಂದು ಪ್ರಸಂಗ ಹೀಗಿದೆ. ಆಪ್ತ ಗೆಳೆಯನ ಮದುವೆಗೆ ಉಂಗುರ ತಲುಪಿಸಬೇಕಾದವನೊಬ್ಬ ರೈಲು ನಿಲ್ದಾಣದಲ್ಲಿದ್ದಾನೆ. ಪರ್ಸು ಕಳುವಾಗಿದೆ, ಅದರ ಜೊತೆ ಟಿಕೆಟ್ಟೂ ಹೋಗಿದೆ. ಗುರುತು ಪರಿಚಯವಿಲ್ಲದವನಿಗೆ ಯಾರೂ ಸಾಲ ಕೊಡುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಸ್ಥಿತಿವಂತ ಪ್ರಯಾಣಿಕ ಕೋಟನ್ನು ಅಲ್ಲೇ ಬಿಟ್ಟು ಒಂದು ಗಳಿಗೆ ಆಚೆ ಹೋಗಿದ್ದಾನೆ. ಕೋಟಿನ ಜೇಬಿನಲ್ಲಿ ಅದೇ ಊರಿನ ಟಿಕೆಟ್ಟು ಇಣುಕುತ್ತಿದೆ; ಇನ್ನೊಂದು ಕೊಳ್ಳುವಷ್ಟು ಹಣವೂ ಅದರಲ್ಲಿದೆ. ಟಿಕೆಟ್ ಎತ್ತಿಕೊಂಡು ಮದುವೆಗೆ ಹೋಗಬೇಕೇ, ಇನ್ನೊಬ್ಬರ ಸ್ವತ್ತು ಮುಟ್ಟದೆ ಗೆಳೆಯನಿಗೆ ಕೊಟ್ಟ ಮಾತು ತಪ್ಪಬೇಕೇ?

ಇಂಥ ಇಕ್ಕಟ್ಟುಗಳಲ್ಲಿ ಸಂಬಂಧದ ಹೊಣೆಯನ್ನು ಮೇಲಿಟ್ಟವರ ಪ್ರಮಾಣ ಅಮೆರಿಕನ್ನರಿಗಿಂತ ಭಾರತೀಯರಲ್ಲಿ ಎರಡು ಪಟ್ಟಿಗೂ ಹೆಚ್ಚಿತ್ತು. ಗೆಳೆಯನಿಗೆ ನೆರವಾಗುವುದು ಅವರಿಗೆ ಇಷ್ಟವಿದ್ದರೆ ಮಾಡುವ ಉಪಕಾರವಲ್ಲ, ಮಾಡಲೇಬೇಕಾದ ಕರ್ತವ್ಯ. ನ್ಯೂ ಹೇವನ್‌ನಲ್ಲಿ ಹೆಚ್ಚಿನವರಿಗೆ ಟಿಕೆಟ್ ಮುಟ್ಟದಿರುವುದೇ ನೀತಿ, ಮದುವೆಗೆ ಹೋಗುವುದು ಅವರವರ ಇಷ್ಟ. ಕೋಲ್‌ಬರ್ಗ್ ಕೈಪಿಡಿ ಹಿಡಿದು ಕೂತರೆ ಮೈಸೂರಿನವರ ಉತ್ತರ ಮೂರನೆಯ ಹಂತದ ಹಾಗೆ ಕಾಣಬಹುದು. ಆದರೆ ಅವರು ಊರ ಮೆಚ್ಚುಗೆಗಾಗಿ ಮಾತಾಡುತ್ತಿರಲಿಲ್ಲ. ನಂಬಿದವರನ್ನು ಕೈಬಿಡಬಾರದು ಎಂಬುದೂ ಎಲ್ಲರಿಗೂ ಅನ್ವಯಿಸುವ ತತ್ವವಾಗಬಲ್ಲದು. ಮೇಲಿನ ಹಂತಗಳಿಗೆ ಏರುವ ದಾರಿ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಕನ್ನಡಿಗರಿಗೆ ಬೇಕಿಲ್ಲ.

ಕೆಳಗಿನ ಹಂತಗಳ ಬಗ್ಗೆಯೂ ತಕರಾರುಗಳಿವೆ. ಎಲಿಯಟ್ ಟ್ಯೂರಿಯಲ್ ಮತ್ತು ಅವರ ಜೊತೆಗಾರರು ಪುಟ್ಟ ಮಕ್ಕಳಿಗೆ ಸರಳವಾದ ಪ್ರಶ್ನೆ ಹಾಕಿದರು. ಟೀಚರ್ ಪರವಾಗಿಲ್ಲ ಎಂದರೆ ನೈಟ್ ಡ್ರೆಸ್‌ನಲ್ಲಿ ಶಾಲೆಗೆ ಬರಬಹುದೇ? ಬರಬಹುದು ಎಂದವು ಮಕ್ಕಳು. ಟೀಚರ್ ಪರವಾಗಿಲ್ಲ ಎಂದರೆ ಇನ್ನೊಬ್ಬನಿಗೆ ಹೊಡೆಯಬಹುದೇ? ಹೊಡೆಯಬಾರದು, ಅವನಿಗೆ ನೋವಾಗುತ್ತದೆ. ಅಂದರೆ ಶಿಕ್ಷೆಯ ಭಯ ಬಿಟ್ಟರೆ ಚಿಕ್ಕ ಮಕ್ಕಳಿಗೆ ಬೇರೆ ನೀತಿಯಿಲ್ಲ ಎಂಬುದು ನಿಜವಲ್ಲ. ಹೈಂಜ್‌ನಂಥ ಜಟಿಲ ಕಥೆ ಕೊಟ್ಟದ್ದರಿಂದ ಅವರ ತಿಳಿವು ಮರೆಯಾಗಿತ್ತು.

ಇನ್ನೂ ಕೆಳಗಿಳಿದು ಹಸುಗೂಸುಗಳನ್ನು ಪರೀಕ್ಷಿಸಿದವರಿದ್ದಾರೆ. 2007ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡವೊಂದು, ಗುಡ್ಡ ಹತ್ತುವ ಕಣ್ಣುಳ್ಳ ಗೊಂಬೆಗೆ ನೆರವಾಗುವ ಗೊಂಬೆಯನ್ನೂ ಅದನ್ನು ಕೆಳಗೆ ತಳ್ಳುವ ಗೊಂಬೆಯನ್ನೂ ತೋರಿಸಿದಾಗ ಆರು ಮತ್ತು ಹತ್ತು ತಿಂಗಳ ಶಿಶುಗಳಲ್ಲಿ ಬಹುಪಾಲು ನೆರವಾದ ಗೊಂಬೆಯತ್ತ ಕೈಚಾಚಿದವು ಎಂದು ವರದಿ ಮಾಡಿತು. ಜಗತ್ತಿನ ಹಲವು ಪ್ರಯೋಗಾಲಯಗಳು ಕೂಡಿ ಅದೇ ಪ್ರಯೋಗ ನಡೆಸಿ 2024ರಲ್ಲಿ ಕೊಟ್ಟ ಫಲಿತಾಂಶದಲ್ಲಿ ಆ ಒಲವು ಕಾಣಲಿಲ್ಲ. ಮಗು ಒಳಿತಿನ ಅರಿವನ್ನು ಹೊತ್ತೇ ಹುಟ್ಟುತ್ತದೆ ಎಂಬ ಮಾತಿಗೆ ಹೀಗಾಗಿ ಇನ್ನೂ ಗಟ್ಟಿ ನೆಲೆ ಸಿಕ್ಕಿಲ್ಲ.

ಸರಿಯಾದುದನ್ನು ಬಲ್ಲವನು ಸರಿಯಾದುದನ್ನೇ ಮಾಡುತ್ತಾನೆಯೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. 1920ರ ದಶಕದಲ್ಲೇ ಹಾರ್ಟ್‌ಶಾರ್ನ್ ಮತ್ತು ಮೇ ಎಂಬ ಸಂಶೋಧಕರು ಅಮೆರಿಕದ ಹತ್ತು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳಿಗೆ ಮೋಸ ಮಾಡಲು, ಸುಳ್ಳು ಹೇಳಲು, ಕದಿಯಲು ಅವಕಾಶವಿರುವ ಪರೀಕ್ಷೆಗಳನ್ನು ಒಡ್ಡಿದ್ದರು. ಒಂದು ಕಡೆ ಪ್ರಾಮಾಣಿಕನಾದ ಹುಡುಗ ಇನ್ನೊಂದು ಕಡೆ ಮೋಸ ಮಾಡಿದ. ಪ್ರಾಮಾಣಿಕತೆಯ ಮಹತ್ವವನ್ನು ಬಾಯಿತುಂಬ ಹೇಳಬಲ್ಲ ಮಕ್ಕಳು ನಡೆಯಲ್ಲಿ ಉಳಿದವರಿಗಿಂತ ಅಷ್ಟೇನೂ ಮೇಲಿರಲಿಲ್ಲ. 2001ರಲ್ಲಿ ಜೊನಾಥನ್ ಹೈಟ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ತೀರ್ಮಾನ ಮೊದಲು ಥಟ್ಟನೆ ಮನಸ್ಸಿಗೆ ಬರುತ್ತದೆ, ಕಾರಣಗಳನ್ನು ಆಮೇಲೆ ಹುಡುಕುತ್ತೇವೆ ಎಂಬುದು ಅವರ ವಾದ. ಅವರೂ ಹಿಂದೆ ಭುವನೇಶ್ವರದಲ್ಲಿ ಕೆಲವು ತಿಂಗಳು ಇದ್ದು ಸಂಶೋಧನೆ ಮಾಡಿದವರು.

ಇಷ್ಟೆಲ್ಲ ತಿದ್ದುಪಡಿಗಳ ನಡುವೆಯೂ ಕೋಲ್‌ಬರ್ಗ್ ಮುಖ್ಯರಾಗುವುದು ಅವರು ಮಕ್ಕಳ ಕಾರಣಗಳಿಗೆ ಕೊಟ್ಟ ಗೌರವದಿಂದ. ಸತ್ಯ, ಪ್ರಾಮಾಣಿಕತೆ, ಶಿಸ್ತು ಎಂದು ಸದ್ಗುಣಗಳ ಪಟ್ಟಿ ಹಿಡಿದು ಮಕ್ಕಳಿಗೆ ಬಾಯಿಪಾಠ ಮಾಡಿಸುವುದರಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಅವರ ಶಿಷ್ಯ ಮೋಶೆ ಬ್ಲಾಟ್ ಷಿಕಾಗೊದ ಮಕ್ಕಳ ತರಗತಿಯೊಂದರಲ್ಲಿ ವಾರಕ್ಕೊಮ್ಮೆ ಧರ್ಮಸಂಕಟದ ಕಥೆಗಳನ್ನು ಚರ್ಚೆಗೆ ಇಟ್ಟರು. ಉತ್ತರ ಹೇಳಿಕೊಡಲಿಲ್ಲ. ಒಬ್ಬ ಕೊಟ್ಟ ಕಾರಣಕ್ಕೆ ಇನ್ನೊಬ್ಬ ಎದುರುಮಾತು ಹೇಳಲಿ, ಎಲ್ಲರೂ ಕೇಳಿಸಿಕೊಳ್ಳಲಿ ಎಂದು ನೋಡಿಕೊಂಡರು. ಕೆಲವೇ ತಿಂಗಳಲ್ಲಿ ಆ ಮಕ್ಕಳಲ್ಲಿ ಎಷ್ಟೋ ಜನರ ಯೋಚನೆ ಮುಂದಿನ ಹಂತದತ್ತ ಸರಿದಿತ್ತು.

ಕಥೆಯಿಂದ ನಿಜ ಬದುಕಿಗೆ ಇಳಿಯುವ ಪ್ರಯತ್ನ 1974ರಲ್ಲಿ ಮಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಶುರುವಾಯಿತು. ಅಲ್ಲಿಯ ಸರ್ಕಾರಿ ಪ್ರೌಢಶಾಲೆಯ ಒಳಗೇ ಕ್ಲಸ್ಟರ್ ಸ್ಕೂಲ್ ಎಂಬ ಪುಟ್ಟ ಶಾಲೆ ತೆರೆಯಿತು. ನಿಯಮ ಮಾಡುವ ವಾರದ ಸಭೆಯಲ್ಲಿ ಶಿಕ್ಷಕರಿಗೂ ಒಂದೇ ಮತ, ವಿದ್ಯಾರ್ಥಿಗೂ ಒಂದೇ ಮತ. ಒಮ್ಮೆ ವಿದ್ಯಾರ್ಥಿನಿಯೊಬ್ಬಳ ಪರ್ಸಿನಿಂದ ಒಂಬತ್ತು ಡಾಲರ್ ಕಳುವಾಯಿತು. ಕದ್ದವರು ಯಾರೆಂದು ಯಾರೂ ಒಪ್ಪಿಕೊಳ್ಳಲಿಲ್ಲ. ಸಭೆಯಲ್ಲಿ ಒಂದು ಸಲಹೆ ಬಂತು: ಹಣ ವಾಪಸ್ಸು ಬಾರದಿದ್ದರೆ ಪ್ರತಿಯೊಬ್ಬರೂ ಹದಿನೈದು ಸೆಂಟ್ ಹಾಕಿ ಅವಳಿಗೆ ಕೊಡೋಣ. ತಾವು ಕದಿಯದ ಹಣವನ್ನು ತಾವೇಕೆ ಕೊಡಬೇಕು ಎಂದು ಕೆಲವರು ಕೇಳಿದರು. ಇಲ್ಲಿ ಒಬ್ಬರ ಮೇಲೊಬ್ಬರಿಗೆ ಕಾಳಜಿಯಿಲ್ಲದ್ದರಿಂದಲೇ ಕಳ್ಳತನ ನಡೆಯಿತು, ಆದ್ದರಿಂದ ತಪ್ಪು ಎಲ್ಲರದೂ ಎಂಬ ಉತ್ತರ ಬಂದದ್ದು ವಿದ್ಯಾರ್ಥಿನಿಯೊಬ್ಬಳ ಬಾಯಿಂದಲೇ. ಸಲಹೆಗೆ ಬಹುಮತ ಸಿಕ್ಕಿತು.

1971ರಲ್ಲಿ ಮಧ್ಯ ಅಮೆರಿಕದಲ್ಲಿ ಸಂಶೋಧನೆಗೆ ಹೋದಾಗ ಅಂಟಿದ ಪರಾವಲಂಬಿ ಸೋಂಕು ಕೋಲ್‌ಬರ್ಗ್ ಅವರನ್ನು ಕೊನೆಯವರೆಗೂ ಹಿಂಡಿತು. ತೀವ್ರ ನೋವು ಮತ್ತು ಖಿನ್ನತೆಯ ನಡುವೆಯೇ ಶಾಲೆಗಳ ಈ ಕೆಲಸವನ್ನು ಅವರು ಮುಂದುವರಿಸಿದರು. 1987ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಅರವತ್ತು ತುಂಬಿರಲಿಲ್ಲ.

ಕರ್ನಾಟಕದ ಶಾಲೆಗಳಲ್ಲಿ ಶಾಲಾ ಸಂಸತ್ತು ಇದೆ, ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಮಂತ್ರಿಗಳ ಪ್ರಮಾಣವಚನ, ಶೌಚಾಲಯ ಮತ್ತು ಕುಡಿಯುವ ನೀರಿನ ಬೇಡಿಕೆಗಳಾದ ಮೇಲೆ ಅಲ್ಲಿ ಮಕ್ಕಳದೇ ನ್ಯಾಯಗಳಿಗೂ ಜಾಗ ಬೇಕು. ತರಗತಿಯಲ್ಲಿ ಕಾಣೆಯಾದ ಜಾಮಿಟ್ರಿ ಬಾಕ್ಸ್‌ಗೆ ಯಾರು ಹೊಣೆ? ಆಟದ ಮೈದಾನ ಹುಡುಗರಿಗೆ ಎಷ್ಟು ಹೊತ್ತು, ಹುಡುಗಿಯರಿಗೆ ಎಷ್ಟು ಹೊತ್ತು? ಅಮ್ಮನಿಗೆ ಹುಷಾರಿಲ್ಲದೆ ತಡವಾಗಿ ಬಂದವಳಿಗೂ ಮಲಗಿ ಎದ್ದು ತಡವಾಗಿ ಬಂದವನಿಗೂ ಒಂದೇ ಶಿಕ್ಷೆಯೇ? ಇಂಥ ಪ್ರಶ್ನೆಗಳನ್ನು ಮೇಷ್ಟ್ರು ತಾವೇ ತೀರ್ಮಾನಿಸಿ ಮುಗಿಸದೆ ಸಭೆಗೆ ಬಿಟ್ಟು, ಮಕ್ಕಳು ಕೊಡುವ ಕಾರಣಗಳನ್ನು ಕರಿಹಲಗೆಯ ಮೇಲೆ ಬರೆಯುತ್ತಾ ಹೋಗಲು ಬೇರೆ ಪಠ್ಯಪುಸ್ತಕ ಬೇಕಿಲ್ಲ. ವಾರಕ್ಕೆ ಒಂದು ಅವಧಿ ಸಾಕು.